ಚೊಕ್ಕಮ್ಮನ ಎರಡು ಸಾಲು

ನನ್ನ ತಂಗಿ ನಿಮ್ಮ ಮನೆಗೆ ಬಂದರೆ ಒಂದು ಮಾತು ನೆನಪಿಟ್ಟುಕೊಳ್ಳಿ, ಟೀ ಕಪ್ಪನ್ನು ಕೈಯಿಂದ ಕೆಳಗಿಡಬೇಡಿ. ಇಟ್ಟಿರೋ, ಹೋಯ್ತು. ನೀವು ಆ ಕಡೆ ತಿರುಗಿ ಈ ಕಡೆ ತಿರುಗೋದರೊಳಗೆ ಕಪ್ಪು ತೊಳೆಸಿಕೊಂಡು ಬೋರಲು ಬಿದ್ದಿರುತ್ತೆ. ಅದರಲ್ಲಿ ಇನ್ನೂ ಎರಡು ಗುಟುಕು ಇತ್ತು ಅನ್ನೋದು ನಿಮ್ಮ ಹಣೆಬರಹ. ಏಳು ವರ್ಷದವಳಿದ್ದಾಗ ಅಪ್ಪ ಓದುತ್ತಿದ್ದ ಪೇಪರನ್ನೇ ಅವರ ಕೈಯಿಂದ ತೆಗೆದು ಮಡಚಿ ಇಟ್ಟವಳು ಇವಳು. ಅಪ್ಪ ಕನ್ನಡಕ ಮೇಲೆತ್ತಿ, "ಏನಮ್ಮಾ ಚೊಕ್ಕಮ್ಮ, ನನ್ನನ್ನೂ ಮಡಚಿ ಇಡ್ತೀಯಾ?" ಅಂದಿದ್ದರು. ಅವತ್ತು ಅಂಟಿದ ಹೆಸರು ಇವತ್ತಿಗೂ ಬಿಟ್ಟಿಲ್ಲ. ಈಗ ಅವಳಿಗೆ ನಲವತ್ತಮೂರು, ಆಫೀಸಿನಲ್ಲೂ ಚೊಕ್ಕಮ್ಮ ಅಂತಲೇ ಕರೀತಿದ್ದರು.

ಈ ಚಟದ ವಿಷಯ ಮೊದಲೇ ಯಾಕೆ ಹೇಳಿದೆ ಅಂದರೆ, ಆಮೇಲೆ ಆದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ನನ್ನದು ಟೈಲರಿಂಗ್ ಅಂಗಡಿ. ಮನೆಯ ಕೆಳಗಿನ ಮುಂದಿನ ಕೋಣೆಯಲ್ಲಿ ಎರಡು ಮಷೀನು, ಒಂದು ಉದ್ದನೆಯ ಮೇಜು, ಗುಂಡಿಗಳ ಡಬ್ಬಿ. ಮಹಡಿ ಮೇಲೆ ಅವಳು ಒಬ್ಬಳೇ ಇರ್ತಾಳೆ. ಮದುವೆ ಯಾಕಾಗಲಿಲ್ಲ ಅಂತ ಕೇಳಬೇಡಿ, ಕೇಳಿದವರಿಗೆ ಅವಳು, "ಊಟ ಮುಗಿಯೋ ಮೊದಲೇ ತಟ್ಟೆ ಎತ್ತಿದರೆ ಯಾವ ಗಂಡ ಉಳೀತಾನೆ?" ಅಂತ ಅವಳೇ ನಕ್ಕುಬಿಡ್ತಾಳೆ.

ಅವಳು ಕೆಲಸ ಮಾಡ್ತಿದ್ದ ಕಂಪನಿ ಒಂದು ಲೈಬ್ರರಿ ಮಾಡುತ್ತೆ. ಪುಸ್ತಕದ್ದಲ್ಲ, ಕಂಪ್ಯೂಟರಿನದ್ದು. ನನಗೆ ಅರ್ಥವಾಗಲಿ ಅಂತ ಒಮ್ಮೆ ಹೇಳಿದ್ದಳು: "ಅಕ್ಕ, ನೀನು ಪ್ಯಾಂಟ್ ಹೊಲೀವಾಗ ಜಿಪ್ಪನ್ನೂ ನೀನೇ ಮಾಡ್ತೀಯಾ? ಅಂಗಡಿಯಿಂದ ತಂದು ಹಾಕ್ತೀಯ ತಾನೆ? ನಾವು ಆ ಜಿಪ್ ಮಾಡೋರು." ಒಂದು ಯಂತ್ರದ ಮಾತನ್ನು ಇನ್ನೊಂದು ಯಂತ್ರಕ್ಕೆ ಮುಟ್ಟಿಸೋ ಕೋಡು ಇವರದ್ದು. ನೀರಿನ ಪಂಪು ಮಾಡೋರು, ಲಿಫ್ಟು ಮಾಡೋರು, ಆಸ್ಪತ್ರೆ ಮಂಚದ ಪಕ್ಕ ನಿಂತು ಹನಿ ಹನಿಯಾಗಿ ಔಷಧಿ ಬಿಡೋ ಯಂತ್ರ ಮಾಡೋರು, ಎಲ್ಲರೂ ಅದನ್ನು ತಂದು ತಮ್ಮ ಸಾಮಾನಿಗೆ ಜೋಡಿಸಿಕೊಳ್ತಾರೆ. ಆ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಯಾವ ಸಾಲನ್ನು ಯಾರು ಯಾವತ್ತು ಸೇರಿಸಿದರು ಅನ್ನೋದೂ ಹೆಸರು ಸಮೇತ ಅಲ್ಲೇ ಇರುತ್ತೆ. ಜಿಪ್ಪೇ ಕೆಟ್ಟದ್ದಾದರೆ ಊರಿನವರ ಪ್ಯಾಂಟೆಲ್ಲ ಒಂದೇ ದಿನ ಬಿಚ್ಚಿಕೊಳ್ಳುತ್ತೆ, ಅಷ್ಟು ನನಗೂ ಅರ್ಥವಾಯ್ತು.

ಆ ಲೈಬ್ರರಿಯನ್ನು ಮೊದಲು ಬರೆದವರು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಅವರ ಕೈಕೆಳಗೆ ಕಲಿತವರೆಲ್ಲ ಹಾಗೆ ಕರೀತಿದ್ದರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಯಾರೇ ಕೋಡು ಬರೆಯಲಿ, ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬರೆದವರನ್ನೇ ಎದುರಿಗೆ ಕೂರಿಸಿ, ಒಂದೊಂದು ಸಾಲನ್ನೂ ಅವರ ಬಾಯಿಂದಲೇ ಜೋರಾಗಿ ಓದಿಸೋರು. ಒಪ್ಪಿಗೆಯಾದರೆ ಕೊನೆಯಲ್ಲಿ ಪೆನ್ಸಿಲಿನ ಒಂದು ಗೀಟು. ಆಮೇಲೆ ತಮ್ಮ ಕಂಪ್ಯೂಟರಿನಿಂದ ತಾವೇ ಸೇರಿಸೋರು. ಅದಕ್ಕೇ ದಾಖಲೆಯಲ್ಲಿ ಎಲ್ಲಿ ನೋಡಿದರೂ ಅವರ ಹೆಸರೇ. "ಬೈಸಿಕೊಳ್ಳೋಕೆ ಒಂದು ಹೆಸರು ಸಾಕು, ಅದು ನನ್ನದೇ ಇರಲಿ" ಅನ್ನೋರಂತೆ. ಪುಣ್ಯಾತ್ಮ, ಆಡಿದ ಮಾತು ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಅವರಿಗೇನು ಗೊತ್ತಿತ್ತು! ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಬೂಟಿನ ಲೇಸು ಕಟ್ಟುತ್ತಾ ಕೂತವರು ಹಾಗೇ ಹೋಗಿಬಿಟ್ಟರು. ಆಫೀಸಿನ ಮೀಟಿಂಗ್ ರೂಮಿನಲ್ಲಿ ಅವರ ಫೋಟೋ ಹಾಕಿದ್ದರು. ಅವರ ಹೆಂಡತಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ, ಬಟ್ಟೆ ಹೊಲಿಸೋಕೆ ನನ್ನ ಹತ್ತಿರವೇ ಬರೋದು.

ಈ ವರ್ಷ ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಚೊಕ್ಕಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಸಂಜೆ ಏಳರ ಮೊದಲು ಮನೆ ಕಡೆ ತಲೆ ಹಾಕಿದವಳಲ್ಲ. ಮೇಜಿನ ತುಂಬ ಬಟ್ಟೆ ಚೂರು ಬಿದ್ದಿತ್ತು, ಒಂದನ್ನೂ ಎತ್ತಲಿಲ್ಲ.

"ದೂರದ ಯಾವುದೋ ಯೂನಿವರ್ಸಿಟಿ ಹುಡುಗಿ ಪತ್ರ ಬರೆದಿದ್ದಾಳೆ. ನಮ್ಮ ಕೋಡಲ್ಲಿ ಒಂದು ತೂತು ಹುಡುಕಿದ್ದಾಳೆ. ತೊಂಬತ್ತು ದಿನದಲ್ಲಿ ಸರಿ ಮಾಡಿ, ಆಮೇಲೆ ಎಲ್ಲರಿಗೂ ಹೇಳ್ತೀನಿ ಅಂದಿದ್ದಾಳೆ."

"ಎಂಥ ತೂತು?"

"ಒಂದು ಸಂದೇಶ ಬರ್ತಾ ಇದೆ ಅಂದ್ಕೋ. ಅದನ್ನ ಇಟ್ಕೊಳ್ಳೋಕೆ ಮೆಮೊರಿಯಲ್ಲಿ ಜಾಗ ತಗೋಬೇಕು, ಕೆಲಸ ಆದ ಮೇಲೆ ಬಿಟ್ಟುಕೊಡಬೇಕು. ತಗೊಂಡವರೇ ಬಿಟ್ಟುಕೊಡಬೇಕು, ನಡುವೆ ಬೇರೆಯವರು ಕೈ ಹಾಕಬಾರದು, ಇದು ಮೇಷ್ಟ್ರ ನಿಯಮ. ಈಗೇನಾಗಿದೆ ಅಂದ್ರೆ, ಸಂದೇಶ ಅರ್ಧ ಬಂದಾಗ ಲೈನ್ ಕಟ್ಟಾದರೆ, 'ಮುಗೀತಲ್ಲ' ಅಂತ ನಡುವಿನವರು ಆ ಜಾಗ ಖಾಲಿ ಮಾಡಿ ಕೊಟ್ಟುಬಿಡ್ತಾರೆ. ಆದರೆ ಅದನ್ನ ಓದ್ತಾ ಇದ್ದವನಿಗೆ ಹೇಳೇ ಇಲ್ಲ. ಅವನು ಮತ್ತೆ ಅಲ್ಲಿಗೇ ಕೈ ಹಾಕ್ತಾನೆ. ಅಷ್ಟರಲ್ಲಿ ಅಲ್ಲಿ ಬೇರೆ ಏನೋ ತುಂಬಿರುತ್ತೆ."

"ಕುಡೀತಾ ಇದ್ದ ಹಾಗೇ ಕಪ್ ಎತ್ಕೊಂಡು ಹೋಗಿ, ತೊಳೆದು, ಅದರಲ್ಲಿ ಇನ್ನೊಬ್ಬರಿಗೆ ಏನೋ ಹಾಕಿಟ್ಟ ಹಾಗೆ" ಅಂದೆ. "ಈ ಬಡಪಾಯಿ ನೋಡದೆ ಅದನ್ನೇ ಎತ್ತಿ ಕುಡೀತಾನೆ."

"ಹೂಂ. ಯಾರಾದ್ರೂ ಬೇಕೂಂತಲೇ ಅರ್ಧ ಸಂದೇಶ ಕಳಿಸಿ, ಲೈನ್ ಕತ್ತರಿಸಿ, ಆ ಜಾಗದಲ್ಲಿ ತಮ್ಮ ಮಾತು ತುಂಬಿದ್ರೆ, ಯಂತ್ರ ಅದನ್ನೇ ನಂಬುತ್ತೆ. ಔಷಧಿ ನಿಲ್ಲಿಸು ಅಂದ್ರೆ ನಿಲ್ಲಿಸುತ್ತೆ."

ನಾನು ಕತ್ತರಿ ಕೆಳಗಿಟ್ಟೆ. "ಇದು ನೀನು ಬರೆದಿದ್ದು ಕಣೇ."

ಅವಳು ನನ್ನ ಮುಖ ನೋಡಲಿಲ್ಲ. "ದಾಖಲೇಲಿ ಮೇಷ್ಟ್ರ ಹೆಸರಿದೆ" ಅಂದಳು.

"ದಾಖಲೆ ಮನೆ ಹಾಳಾಗ. ಮೇಷ್ಟ್ರು ಜನ್ಮದಲ್ಲಿ ಯಾರ ಕಪ್ಪನ್ನಾದರೂ ಎತ್ತಿದ್ದುಂಟಾ? ಕುಡಿದ ಕಪ್ಪು ನಾಲ್ಕು ದಿನ ಮೇಜಿನ ಮೇಲೇ ಇರುತ್ತೆ ಅಂತ ಅವರ ಹೆಂಡತಿ ಇದೇ ಸ್ಟೂಲ್ ಮೇಲೆ ಕೂತು ಬೈತಾ ಇದ್ರು."

ಅಷ್ಟೇ ಸಾಕಾಯ್ತು, ಅಳು ನುಗ್ಗಿ ಬಂತು ಅವಳಿಗೆ. ಅಳ್ತಾನೇ ಎಲ್ಲ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ ವಾರ. ಲೈನ್ ಕಟ್ಟಾದಾಗ ಜಾಗ ಹಾಗೇ ಉಳಿದು ಯಂತ್ರಗಳು ನಿಧಾನವಾಗ್ತಿವೆ ಅಂತ ಯಾರೋ ಗಿರಾಕಿ ದೂರು ಕೊಟ್ಟರು. ಇವಳಿಗೆ ಹಾಗೆ ಉಳಿದದ್ದು ಕಂಡರೆ ಮೈಯೆಲ್ಲ ಕಡಿತ ತಾನೆ! ಎರಡು ಸಾಲು ಬರೆದು ಖಾಲಿ ಮಾಡಿದಳು. ಮೇಷ್ಟ್ರು ಮಂಚದ ಮೇಲಿಂದಲೇ ಫೋನಿನಲ್ಲಿ ತಮ್ಮ ಹೆಸರಿನ ಪಾಸ್‌ವರ್ಡ್ ಹೇಳಿ, "ನೀನೇ ಸೇರಿಸಮ್ಮ, ಬಂದ ಮೇಲೆ ನೋಡೋಣ" ಅಂದರು. ಬಂದರು. ಒಂದು ಕಣ್ಣಿಗೆ ಪಟ್ಟಿ. "ಅದನ್ನ ಓದ್ತೀಯಾ?" ಅಂತ ಕೇಳಿದರು. ಇವಳು, "ಬೇಡ ಸರ್, ಎರಡೇ ಸಾಲು. ಕ್ಲೀನ್ ಮಾಡಿದ್ದೀನಿ ಅಷ್ಟೆ" ಅಂದಳು. ಅವರು ನಂಬಿದರು.

"ಅಕ್ಕ, ಜೋರಾಗಿ ಓದಿದ್ದಿದ್ರೆ ಅವರಿಗೆ ಅಲ್ಲೇ ಗೊತ್ತಾಗ್ತಿತ್ತು" ಅಂತ ಅದನ್ನೇ ಹತ್ತು ಸಲ ಅಂದಳು.

ಸುಳ್ಳು ಯಾಕೆ ಹೇಳಲಿ, ಅವತ್ತು ನಾನು ಕೊಟ್ಟ ಬುದ್ಧಿವಾದ ನೆಟ್ಟಗಿರಲಿಲ್ಲ. "ಸರಿ ಮಾಡಿಬಿಡು, ಬಾಯಿಗೆ ಬೀಗ ಹಾಕ್ಕೋ. ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗೇ ಇಲ್ಲ, ನೀನ್ಯಾಕೆ ಹೋಗಿ ಹೆಗಲು ತೋರಿಸ್ತೀಯ?" ಅಂದೆ. ಅವಳು ಎದ್ದು ಮೇಲೆ ಹೋದಳು. ನಾಲ್ಕು ದಿನದಲ್ಲಿ ತೂತು ಮುಚ್ಚಿದಳು, ಇನ್ನೊಂದು ವಾರ ಅದನ್ನು ಮುರಿದು ಮುರಿದು ನೋಡಿ ಪರೀಕ್ಷೆ ಮಾಡಿದಳು. ಕೆಲಸದ ಮಟ್ಟಿಗೆ ಅಲ್ಲಿಗೆ ಮುಗೀಬೇಕಿತ್ತು.

ಆದರೆ ಆಸ್ಪತ್ರೆಗಳಿಗೆ ಯಂತ್ರ ಮಾಡಿ ಕೊಡೋ ದೊಡ್ಡ ಗಿರಾಕಿಯೊಬ್ಬರು, ಈ ತಪ್ಪು ಹೇಗೆ ನುಸುಳಿತು, ಯಾರಿಂದ ಆಯ್ತು, ಬರೆದು ಕೊಡಿ ಅಂತ ಕೂತರು. ಕಂಪನಿಗೆ ಉತ್ತರ ಸುಲಭವಾಗಿ ಸಿಕ್ಕಿತು. ದಾಖಲೆಯಲ್ಲಿ ಹೆಸರಿದೆ, ಹೆಸರಿನವರು ಸತ್ತಿದ್ದಾರೆ. ಇನ್ನೇನು ಬೇಕು? ಸತ್ತವರ ತಲೆಗೆ ಕಟ್ಟಿದರೆ ಅವರೇನು ಕೆಳಗಿಳಿಸ್ತಾರಾ?

ಅದು ನನಗೆ ಗೊತ್ತಾಗಿದ್ದು ಹೇಗೆ ಅಂದರೆ, ಒಂದು ಬೆಳಗ್ಗೆ ಮೇಷ್ಟ್ರ ಹೆಂಡತಿ ಅಂಗಡಿ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಪೇಪರು ಸುತ್ತಿದ ಫೋಟೋ. ಮೀಟಿಂಗ್ ರೂಮಿನದ್ದು. ಗೋಡೆಗೆ ಬಣ್ಣ ಹೊಡೆಸ್ತಾ ಇದ್ದೀವಿ ಅಂತ ಹೇಳಿ ಕಂಪನಿಯವರು ಮನೆಗೆ ಕಳಿಸಿದ್ದರಂತೆ. ಬಣ್ಣವಂತೆ! ಫೋಟೋ ಇದ್ದಷ್ಟೇ ಗೋಡೆಗೆ ಯಾರಪ್ಪಾ ಬಣ್ಣ ಹೊಡೆಸ್ತಾರೆ?

"ಅವರ ಆಫೀಸಿನ ಹಳೇ ಸ್ನೇಹಿತರೊಬ್ಬರು ಫೋನ್ ಮಾಡಿದ್ರಮ್ಮಾ" ಅಂದರು. "ಇವರು ನಿಯಮ ಮೀರಿ ಏನೋ ಮಾಡಿಬಿಟ್ಟಿದ್ರಂತೆ, ಅದರಿಂದ ರೋಗಿಗಳಿಗೆ ಅಪಾಯವಂತೆ. ನಲವತ್ತು ವರ್ಷ ಸಂಸಾರ ಮಾಡಿದ್ದೀನಿ, ಉಪ್ಪು ಜಾಸ್ತಿಯಾದರೂ ಯಾಕಾಯ್ತು ಅಂತ ಮೂರು ಸಲ ಕೇಳೋ ಮನುಷ್ಯ. ನಿಯಮ ಮೀರಿದ್ರಾ? ನಿಮ್ಮ ತಂಗೀನ ಕೇಳಿ ಹೇಳ್ತೀರಾ?"

ಬಾಯಿಗೆ ಬೀಗ ಹಾಕ್ಕೋ ಅಂತ ಹೇಳಿದವಳು ನಾನೇ ಅಲ್ಲವಾ? ಕೇಳ್ತೀನಿ ಅಂದೆ. ಅವರು ಹೋದ ಮೇಲೆ ಒಂದು ತೋಳನ್ನು ತಿರುವು ಮುರುವು ಹೊಲಿದು ಮತ್ತೆ ಬಿಚ್ಚಿದೆ.

ಸಂಜೆ ಚೊಕ್ಕಮ್ಮ ಬಂದಾಗ ಫೋಟೋ ವಿಷಯ ಹೇಳಿದೆ. ಅವಳ ಕಣ್ಣು ಕೆಂಪಾಯ್ತು, ಈ ಸಲ ಅಳುವಿನಿಂದ ಅಲ್ಲ. ಮರುದಿನ ಮ್ಯಾನೇಜರ್ ರೂಮಿನಲ್ಲಿ ನಡೆದದ್ದನ್ನು ಅವಳು ಹೇಳಿದ ಹಾಗೇ ಹೇಳ್ತೀನಿ, ಒಂದು ಮಾತೂ ಸೇರಿಸಲ್ಲ. ಸೇರಿಸಿದರೂ ಒಂದೆರಡು, ಅಷ್ಟೆ.

ರೂಮಿನಲ್ಲಿ ಮ್ಯಾನೇಜರು, ಕಂಪನಿಯ ವಕೀಲಮ್ಮ. ಮೇಜಿನ ಮೇಲೆ ಒಂದು ಹಾಳೆ. "ಅಂದಿನ ಹಿರಿಯ ಎಂಜಿನಿಯರ್ ಯಾರಿಗೂ ತೋರಿಸದೆ ಸೇರಿಸಿದ ಎರಡು ಸಾಲುಗಳಿಂದ" ಅಂತ ಶುರುವಾಗೋ ಹೇಳಿಕೆ. ಪರಿಶೀಲಿಸಿ ಒಪ್ಪಿದ್ದೇನೆ ಅಂತ ಇವಳು ಸಹಿ ಹಾಕಬೇಕು.

"ಆ ಎರಡು ಸಾಲು ಬರೆದವಳು ನಾನು" ಅಂದಳಂತೆ.

ಮ್ಯಾನೇಜರಿಗೆ ಬೆವರು. ವಕೀಲಮ್ಮ ತಣ್ಣಗೆ, "ಹಾಗಂತ ಎಲ್ಲೂ ದಾಖಲೆ ಇಲ್ಲ. ಬೇರೆಯವರ ಲಾಗಿನ್ ಬಳಸಿದೆ ಅಂತ ನೀವು ಹೇಳಿದರೆ ಅದೇ ಒಂದು ಅಪರಾಧ. ಕೆಲಸ ಹೋಗುತ್ತೆ. ಇನ್ನೊಂದು ಕಡೆ ಸಿಗೋದೂ ಕಷ್ಟ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಿ?" ಅಂದರು.

"ಎಳ್ಕೊಳ್ಳೋದೇನು ಬಂತು ಮೇಡಂ? ಅದು ನನ್ನ ಮೈಮೇಲೇ ಇರೋದು."

ಮ್ಯಾನೇಜರು ದನಿ ತಗ್ಗಿಸಿ ಅಂದರಂತೆ: "ನೋಡಮ್ಮ, ಅವರು ಹೋದೋರು. ಅವರಿಗೇನು ನಷ್ಟ? ಎದ್ದು ಬಂದು ಕೇಳ್ತಾರಾ?"

"ಅವರು ಬರಲ್ಲ ಸರ್. ನಾನಿದ್ದೀನಲ್ಲ, ನಾನು ಕೇಳ್ತೀನಿ."

ಇದನ್ನು ಹೇಳುವಾಗ ನನ್ನ ಅಂಗಡಿಯ ನಡುವೆ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದಳು. ಭಲೇ ಅನ್ನಿಸಿತು ನನಗೆ. ಅಳತೆಗೆ ಬಂದಿದ್ದ ಗಿರಾಕಿ ಹೆಂಗಸೂ ಬಾಯಿ ಬಿಟ್ಟು ನೋಡ್ತಿದ್ದರು. ಸಹಿ ಹಾಕದೆ ಎದ್ದು ಬಂದಿದ್ದಳು. ಯೋಚನೆ ಮಾಡೋಕೆ ಗುರುವಾರದ ತನಕ ಸಮಯ ಕೊಟ್ಟಿದ್ದರು. ಗುರುವಾರ ಹನ್ನೊಂದು ಗಂಟೆಗೆ ಸರಿಪಡಿಸಿದ ಕೋಡು ಹೊರಗೆ ಹೋಗಬೇಕು, ಅದರ ಜೊತೆ ಆ ಹೇಳಿಕೆಯೂ ಹೋಗಬೇಕು.

ಈಗ ನನಗೆ ರೋಷ ಏರಿತ್ತು. "ರಿಪೇರಿ ಕೊಡಲೇಬೇಡ! ಅವರ ಜುಟ್ಟು ನಿನ್ನ ಕೈಯಲ್ಲಿದೆ. ಮೇಷ್ಟ್ರ ಹೆಸರು ತೆಗೆಯೋ ತನಕ ಹಿಡ್ಕೊಂಡು ಕೂತ್ಕೋ" ಅಂದೆ.

ಅವಳು ನನ್ನನ್ನು ಸುಟ್ಟುಬಿಡೋ ಹಾಗೆ ನೋಡಿದಳು. "ಹಾಸಿಗೆ ಮೇಲಿರೋರು ಏನು ಪಾಪ ಮಾಡಿದ್ದಾರಕ್ಕ? ನನ್ನ ತೂತು ನಾನು ಮುಚ್ಚೋದಕ್ಕೆ ಯಾರ ಹತ್ರಾನೂ ಚೌಕಾಸಿ ಮಾಡಲ್ಲ."

ಗುರುವಾರ ಅವಳು ಊಟದ ಡಬ್ಬಿ ಬಿಟ್ಟು ಹೋದಳು. ಜನ್ಮದಲ್ಲಿ ಏನನ್ನೂ ಮರೆತವಳಲ್ಲ. ನನಗೆ ದಿಗಿಲಾಗಿ, ಅಂಗಡಿ ಬಾಗಿಲು ಎಳೆದುಕೊಂಡು, ಡಬ್ಬಿ ಹಿಡಿದು ಬಸ್ ಹತ್ತಿದೆ. ಆಫೀಸು ಮೂರನೇ ಮಹಡಿ. ಒಳಗೆ ಇಪ್ಪತ್ತು ಜನ ಕೂತು ಕೀಬೋರ್ಡ್ ಕುಟ್ಟೋ ದೊಡ್ಡ ಹಾಲ್. ನಾನು ಹೋದಾಗ ಹನ್ನೊಂದಕ್ಕೆ ಐದು ನಿಮಿಷ ಇತ್ತು. ಚೊಕ್ಕಮ್ಮನ ಕುರ್ಚಿಯ ಹಿಂದೆ ಮ್ಯಾನೇಜರು, ಇನ್ನೂ ಸಹಿ ಬೀಳದ ಹೇಳಿಕೆ ಕೈಯಲ್ಲಿ ಹಿಡಿದು, ಕಾವಲು ನಿಂತ ಹಾಗೆ ನಿಂತಿದ್ದರು. ಕೋಡು ಹೊರಗೆ ಕಳಿಸೋ ಹಕ್ಕು ಈಗ ಇವಳಿಗೆ ಮಾತ್ರ ಇತ್ತು. ಪ್ರತಿ ಬದಲಾವಣೆಯ ಜೊತೆ ಯಾಕೆ ಬದಲಾಯಿಸಿದೆವು ಅಂತ ಒಂದು ಟಿಪ್ಪಣಿ ಬರೆಯೋದು ಅಲ್ಲಿನ ಪದ್ಧತಿ. ಆ ಟಿಪ್ಪಣಿ ಕೋಡಿಗೆ ಅಂಟಿಕೊಂಡೇ ಇರುತ್ತೆ. ಒಮ್ಮೆ ಹೊರಗೆ ಹೋಯ್ತೋ, ಸಾವಿರಾರು ಕಡೆ ಅದರ ನಕಲು. ವಾಪಸ್ ಕರೆಯೋಕೆ ಯಾರ ಅಪ್ಪನ ಕೈಯಲ್ಲೂ ಆಗಲ್ಲ.

"'ದೋಷ ಸರಿಪಡಿಸಲಾಗಿದೆ' ಅಂತ ಬರೀರಿ ಸಾಕು" ಅಂದರು ಮ್ಯಾನೇಜರು.

"ಬರೆದಾಗಿದೆ ಸರ್" ಅಂದಳು ಚೊಕ್ಕಮ್ಮ.

ಅವರು ಬಗ್ಗಿ ಪರದೆ ಓದಿದರು. ಎರಡನೇ ಸಾಲಿಗೆ ಬರೋದರಲ್ಲಿ ಮುಖ ಕಪ್ಪಿಟ್ಟಿತು. "ನಿಲ್ಸಿ! ಇದನ್ನ ಅಳಿಸಿ!"

ಅವಳು ಕುರ್ಚಿ ತಿರುಗಿಸಿ ಅವರ ಮುಖ ನೋಡಿದಳು. ಕುಟ್ಟುತ್ತಿದ್ದ ಇಪ್ಪತ್ತು ಜನರ ಕೈಯೂ ನಿಂತಿತು. "ಇಲ್ಲಿವರೆಗೆ ಎಷ್ಟೋ ಅಳಿಸಿದ್ದೀನಿ ಸರ್, ಅಳಿಸಬಾರದ್ದನ್ನೂ ಅಳಿಸಿದ್ದೀನಿ. ಇದನ್ನ ಅಳಿಸಲ್ಲ" ಅಂದು, ಕೈಯನ್ನು ಹಿಂದಕ್ಕೆ ಚಾಚಿ ಕೀ ಒತ್ತಿದಳು.

ಅಷ್ಟೇ. ಗುಡುಗು ಸಿಡಿಲು ಏನೂ ಇಲ್ಲ. ಮ್ಯಾನೇಜರು ಏನೇನೋ ಕೂಗಾಡಿದರು, ಕೆಲಸ, ಕೇಸು, ನಂಬಿಕೆದ್ರೋಹ ಅಂತ. ನಾನು ಡಬ್ಬಿ ಸಮೇತ ಒಳಗೆ ನುಗ್ಗಿ, "ಸ್ವಾಮೀ, ಉಪ್ಪು ತಿಂದವಳು ನೀರು ಕುಡೀತಾ ಇದ್ದಾಳೆ. ನಿಮಗ್ಯಾಕೆ ಬಿಕ್ಕಳಿಕೆ?" ಅಂದೆ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಚೊಕ್ಕಮ್ಮ ತನ್ನ ಮೇಜು ಒರೆಸಿ, ಪೆನ್ನು ಜೋಡಿಸಿಟ್ಟು, ಚೀಲ ತಗೊಂಡು ನನ್ನ ಜೊತೆ ಬಂದಳು. ಡಬ್ಬಿಯ ಊಟ ಬಸ್‌ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಹಂಚಿಕೊಂಡು ತಿಂದೆವು.

ಹತ್ತು ದಿನಕ್ಕೆ ಕೆಲಸದಿಂದ ತೆಗೆದ ಪತ್ರ ಬಂತು. ಬೇರೆಯವರ ಲಾಗಿನ್ ಬಳಸಿದ್ದಕ್ಕೆ, ಅಂತ ಕಾರಣ. "ನೋಡು, ಈಗ ದಾಖಲೆ ಸಿಕ್ತು" ಅಂದಳು, ಪತ್ರ ನನಗೆ ತೋರಿಸಿ. ಆ ಕಂಪನಿಯೇ ಮುದ್ರೆ ಒತ್ತಿ, ಬರೆದವಳು ಇವಳೇ ಅಂತ ಒಪ್ಪಿಕೊಂಡಿತ್ತು! ಇನ್ನು ಮೇಷ್ಟ್ರ ಹೆಸರಿನ ಹೇಳಿಕೆ ಯಾವ ಮುಖ ಹೊತ್ತು ಕಳಿಸ್ತಾರೆ? ಕಳಿಸಲಿಲ್ಲ. ಆಸ್ಪತ್ರೆಯ ಯಂತ್ರಗಳಿಗೆಲ್ಲ ಹೊಸ ಕೋಡು ಹೋಯ್ತು ಅಂತ ಸುದ್ದಿ ಬಂದ ದಿನ ಅವಳು ಹೊಟ್ಟೆ ತುಂಬ ಉಂಡಳು. ಹೊರಗಿನವರು ಕೆಲವರು ಹೊಗಳಿ ಬರೆದರು, ಕೆಲವರು ಹನ್ನೊಂದು ವರ್ಷ ಮಲಗಿದ್ದೆಯಾ ಅಂತ ಉಗಿದು ಬರೆದರು. "ಉಗಿದಿದ್ದು ಸರಿಯಾದ ವಿಳಾಸಕ್ಕೆ ಬಂತಲ್ಲ" ಅಂದಳು. ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಸದ್ಯ ನನ್ನ ಅಂಗಡಿಯಲ್ಲಿ ಕೂತು, ನಾನು ಕೈ ಚಾಚೋ ಮೊದಲೇ ಕತ್ತರಿ ಎತ್ತಿಟ್ಟು, ನನ್ನ ರಕ್ತ ಕುದಿಸ್ತಾ ಇದ್ದಾಳೆ.

ಕಳೆದ ಭಾನುವಾರ ಮೇಷ್ಟ್ರ ಹೆಂಡತಿ ಬಂದರು. ಆ ಟಿಪ್ಪಣಿಯನ್ನು ಯಾರ ಕೈಲೋ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ತಂದಿದ್ದರು. ಫೋಟೋ ವಾಪಸ್ ಕೊಡಿ, ಗೋಡೆಗೆ ಬಣ್ಣ ಆಯ್ತು ಅಂತ ಕಂಪನಿಯವರು ಫೋನ್ ಮಾಡಿದ್ದರಂತೆ. "ಮೊಳೆ ಅವರೇ ಇಟ್ಕೊಳ್ಳಲಿ, ಫೋಟೋ ಕೊಡಲ್ಲ ಅಂದೆ" ಅಂದರು. ನಾನು ಮೂವರಿಗೂ ಟೀ ತಂದಿಟ್ಟೆ. ಅವರು ಕಾಗದವನ್ನು ಚೊಕ್ಕಮ್ಮನ ಮುಂದೆ ಸರಿಸಿದರು.

"ಬರೆದವರು ಓದಬೇಕು ತಾನೆ ಅವರ ನಿಯಮ? ಓದಮ್ಮ. ಜೋರಾಗಿ."

ಚೊಕ್ಕಮ್ಮ ಕಾಗದ ಎತ್ತಿಕೊಂಡು ಓದಿದಳು. "ಈ ದೋಷದ ಎರಡು ಸಾಲು ಬರೆದವಳು ನಾನು. ದಾಖಲೆಯಲ್ಲಿರುವ ಹೆಸರು ನನಗೆ ಕಲಿಸಿದವರದ್ದು. ಅವತ್ತು ಅವರು ಆಸ್ಪತ್ರೆಯಲ್ಲಿದ್ದರು. ಓದುತ್ತೀಯಾ ಎಂದು ಆಮೇಲೆ ಕೇಳಿದರು, ಬೇಡ ಎಂದೆ. ಜಾಗ ತಗೊಂಡವರೇ ಬಿಟ್ಟುಕೊಡಬೇಕು ಎಂಬ ಅವರ ನಿಯಮ ಸರಿಯಿತ್ತು. ಅದನ್ನು ಮುರಿದವಳು ನಾನು, ಸರಿಪಡಿಸಿದವಳೂ ನಾನು."

ನನಗೆ ಭಯ, ಬೈತಾರೇನೋ ಅಂತ. ಬೈಯೋ ಹಕ್ಕು ಅವರಿಗಿತ್ತು. "ಹನ್ನೊಂದು ವರ್ಷ ತಡವಾಗಿ ಓದಿದೆ" ಅಂದರು ಕೊನೆಗೆ. ಆಮೇಲೆ ನನ್ನ ಮೇಜಿನ ಮೇಲಿದ್ದ ಗುರುತು ಹಾಕೋ ಪೆನ್ಸಿಲ್ ತಗೊಂಡು, ಕೊನೆಯ ಸಾಲಿನ ಕೆಳಗೆ ಒಂದು ಗೀಟು ಎಳೆದು, ಪೆನ್ಸಿಲನ್ನು ಅವಳ ಕಿವಿಯ ಮೇಲೆ ಸಿಕ್ಕಿಸಿದರು.

ಚೊಕ್ಕಮ್ಮ ಕಣ್ಣೊರೆಸಿಕೊಂಡಳು. ಅಭ್ಯಾಸಬಲ, ಅವಳ ಕೈ ಸೀದಾ ಅವರ ಕಪ್ಪಿನ ಕಡೆ ಹೋಯ್ತು. ಅರ್ಧ ದಾರಿಯಲ್ಲಿ ನಿಂತಿತು.

"ಕುಡಿದಾಯ್ತಾ ಅಮ್ಮ?" ಅಂತ ಕೇಳಿದಳು. ನಲವತ್ತಮೂರು ವರ್ಷದಲ್ಲಿ ಮೊದಲ ಸಲ.

"ಇನ್ನೂ ಇಲ್ಲ" ಅಂದರು ಅವರು.

ಅವಳು ಕೈ ವಾಪಸ್ ತಗೊಂಡು ಮಡಿಲಲ್ಲಿ ಇಟ್ಟುಕೊಂಡು ಕಾಯ್ತಾ ಕೂತಳು.